ಮನೆ ಸೋಪು ಮಾರೋರೇ, ಮೊದಲು ಅದನ್ನ ಕಟ್ಟೋದು ಕಲೀರಿ

ಸೋಪು ಮಾಡೋದು ಹೇಳಿಕೊಡೋರು ಈಗ ಶಿರಸಿಯಿಂದ ಕಾರವಾರದವರೆಗೆ ಊರಿಗೊಬ್ಬರು ಸಿಗ್ತಾರೆ. ಎರಡು ದಿನದ ತರಬೇತಿ, ಒಂದು ಸಿಲಿಕಾನ್ ಅಚ್ಚು, ಒಂದು ಸರ್ಟಿಫಿಕೇಟು, ಮುಗೀತು. ಪ್ಯಾಕಿಂಗ್ ಹೇಗೆ ಅಂತ ಕೇಳಿದ್ರೆ 'ಅದರಲ್ಲೇನಿದೆ, ಒಂದು ಕವರ್ ಹಾಕಿ ಕೊಟ್ರಾಯ್ತು' ಅಂತಾರೆ. ಆ ಕವರಿನ ಅವಸ್ಥೆ ನೋಡ್ಬೇಕು ಅಂದ್ರೆ ಜುಲೈ ತಿಂಗಳಲ್ಲಿ ಯಾವುದಾದ್ರೂ ಸ್ವಸಹಾಯ ಸಂಘದ ಮಳಿಗೆ ಹೊಕ್ಕಿ ನೋಡಿ. ಎಣ್ಣೆ ಕುಡಿದು ಕಪ್ಪಾದ ಕಾಗದ, ಶಾಯಿ ಇಳಿದ ಲೇಬಲ್ಲು, ಪ್ಲಾಸ್ಟಿಕ್ ಒಳಗೆ ಬೆವರುತ್ತಾ ಕೂತ ಸೋಪು. ಮಾಲು ಒಳ್ಳೇದೇ, ಮುರುಗಲ (ಕೋಕಂ) ತುಪ್ಪ ಹಾಕಿ ಮಾಡಿದ್ದು, ಆದ್ರೆ ಕೈಗೆ ತಗೊಳ್ಳೋರು ಯಾರು?

1. ಒಣಗಿದೆಯಾ ಅಂತ ತಕ್ಕಡಿ ಹೇಳಲಿ

ಹಾಳಾಗೋದು ಇಲ್ಲೇ, ಹಾಗಾಗಿ ಇದನ್ನ ಸ್ವಲ್ಪ ಉದ್ದ ಬರೀತೇನೆ.

ಎಣ್ಣೆಗೆ ಕಾಸ್ಟಿಕ್ ಸೋಡಾ ನೀರು ಸೇರಿಸಿ, ಕುದಿಸದೆ ಮಾಡೋ ಕೋಲ್ಡ್ ಪ್ರೊಸೆಸ್ ಸೋಪಿಗೆ ಕತ್ತರಿಸಿದ ಮೇಲೆ ನಾಲ್ಕರಿಂದ ಆರು ವಾರ ಗಾಳಿ ಬೇಕು ಅಂತ ಎಲ್ಲರೂ ಹೇಳ್ತಾರೆ. ಸರಿ, ಆದ್ರೆ ಆ ಲೆಕ್ಕ ನಮ್ಮ ಮಳೆಗಾಲಕ್ಕೆ ಹೊಂದೋದಿಲ್ಲ. ಹೊರಗೆ ದಿನವಿಡೀ ಮಳೆ ಹೊಯ್ತಾ ಇರುವಾಗ ಗೋಡೆಯೇ ಒದ್ದೆ, ಒಗೆದ ಬಟ್ಟೆ ಮೂರು ದಿನಕ್ಕೂ ಒಣಗೋದಿಲ್ಲ, ಸೋಪೊಂದು ಒಣಗ್ತದಾ? ವಾರ ಎಣಿಸೋದು ಬಿಡಿ, ತೂಕ ನೋಡಿ. ತಟ್ಟೆಯ ನಡುವಿಂದ ಒಂದು, ಅಂಚಿಂದ ಒಂದು ಸೋಪು ಆರಿಸಿ ಗುರುತು ಹಾಕಿ ಇಡಿ, ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ಗೋಡೆಯ ಕ್ಯಾಲೆಂಡರ್ ಮೇಲೇ ಬರೀರಿ. ಕತ್ತರಿಸಿದ ದಿನ 115 ಗ್ರಾಂ ಇದ್ದದ್ದು ಇಳಿದು ಇಳಿದು 102ಕ್ಕೆ ಬಂತು, ಮುಂದಿನ ವಾರವೂ 102, ಅದರ ಮುಂದಿನ ವಾರವೂ 102, ಹಾಗಾದ್ರೆ ಮಾತ್ರ ಕಟ್ಟಬಹುದು.

ಮಳೆಗಾಲದಲ್ಲಿ ಈ ತಕ್ಕಡಿಯೂ ಮೋಸ ಮಾಡ್ತದೆ. ಮನೆ ಸೋಪಿನಲ್ಲಿ ಗ್ಲಿಸರಿನ್ ಹಾಗೇ ಉಳಿದಿರ್ತದೆ, ಅದು ಗಾಳಿಯ ತೇವ ಎಳ್ಕೊಳ್ತದೆ, ಒಳಗಿನ ನೀರು ಹೋಗದೇ ಇದ್ರೂ ತೂಕ ಇಳಿಯೋದು ನಿಂತುಬಿಡ್ತದೆ, ಒಮ್ಮೊಮ್ಮೆ ಒಂದೆರಡು ಗ್ರಾಂ ಏರ್ತದೆ ಕೂಡ. ಮೇಲ್ಮೈಯಲ್ಲಿ ಗುಂಡುಸೂಜಿ ತಲೆಯಷ್ಟು ಹನಿ ಸಾಲಾಗಿ ಕೂತದ್ದು ಕಂಡ್ರೆ ಅದೇ ಬೆವರು. ಒರೆಸಿ ಕಟ್ಟಿದ್ರೆ ಒಳಗೆ ಮತ್ತೆ ಬರ್ತದೆ. ಅದಕ್ಕೇ ನಾನು ಹೇಳೋದು, ಶಿವರಾತ್ರಿ ಆಸುಪಾಸಿಗೆ ಸೋಪು ಮಾಡಿ ಮುಗಿಸಿ, ಮೇ ತಿಂಗಳ ನಡುವಿನೊಳಗೆ ಕಟ್ಟಿ ಡಬ್ಬ ಸೇರಿಸಿ. ಜೂನ್ ಆದ್ಮೇಲೆ ಮಾಡಲೇಬೇಕಾದ್ರೆ ಒಂದು ಕೋಣೆ ಬಾಗಿಲು ಹಾಕಿ, ಗಾಳಿಯ ತೇವ ಎಳೆಯೋ ಡಿಹ್ಯುಮಿಡಿಫೈಯರ್ ಯಂತ್ರ ಇಡಬೇಕು, ಅದು ದುಬಾರಿ. ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋ ಉಪಾಯ ಮಾತ್ರ ಬೇಡ, ಶ್ರೀಗಂಧದ ಸೋಪು ಹೊಗೆ ವಾಸನೆ ಬರ್ತದೆ. ಬಿಸಿಲಿಗೂ ಇಡಬೇಡಿ, ಬಣ್ಣ ಹಾರ್ತದೆ, ಎಣ್ಣೆ ಕಮಟಾಗ್ತದೆ.

ಸಾಣಿಕಟ್ಟಾ ಊರಿನ ಉಪ್ಪು ಹಾಕಿ ಮಾಡಿದ ಸೋಪು ಈಗ ಗೋಕರ್ಣದ ಕಡೆ ಟೂರಿಸ್ಟರಿಗೆ ಚೆನ್ನಾಗಿ ಹೋಗ್ತದೆ. ಹೋಗಲಿ, ಆದ್ರೆ ಉಪ್ಪಿನ ಸೋಪು ಎಲ್ಲಕ್ಕಿಂತ ಜಾಸ್ತಿ ಬೆವರ್ತದೆ. ಡಿಸೆಂಬರಿನಿಂದ ಮೇವರೆಗೆ ಮಾರಿ, ಮಳೆಗೆ ಸ್ಟಾಕ್ ಉಳಿಸಬೇಡಿ.

ಇನ್ನೊಂದು ಮಾತು. ರೆಡಿಮೇಡ್ ಬೇಸ್, ಅಂದ್ರೆ ಮೊದಲೇ ತಯಾರಾದ ಸೋಪಿನ ಗಟ್ಟಿ, ತಂದು ಕರಗಿಸಿ ಅಚ್ಚಿಗೆ ಹೊಯ್ಯೋರಿಗೆ ಮೇಲಿನದು ಯಾವುದೂ ಅನ್ವಯಿಸೋದಿಲ್ಲ. ಆ ಸೋಪನ್ನ ಅಚ್ಚಿನಿಂದ ತೆಗೆದ ದಿನವೇ ಪ್ಲಾಸ್ಟಿಕ್ ಫಿಲ್ಮಲ್ಲಿ ಗಾಳಿಯಾಡದ ಹಾಗೆ ಬಿಗಿದು ಸುತ್ತಬೇಕು, ಇಲ್ಲಾಂದ್ರೆ ಮರುದಿನವೇ ಒದ್ದೆ. ಕೋಲ್ಡ್ ಪ್ರೊಸೆಸ್ಸಿನವರು ಅವರನ್ನ ನೋಡಿ ಪ್ಲಾಸ್ಟಿಕ್ ಸುತ್ತೋದು ಶುರು ಮಾಡಿದ್ದೇ ಈ ಎಲ್ಲ ಗೋಳಿಗೆ ಮೂಲ. ತೇವ ಒಳಗೇ ಸಿಕ್ಕಿಬಿದ್ದು ಕೇಸರಿ ಚುಕ್ಕೆ ಏಳ್ತದೆ, ಹಳೇ ಎಣ್ಣೆ ವಾಸನೆ ಹೊಡೀತದೆ. ಮತ್ತೆ ಆ ಬೇಸ್ ಕೊಳ್ಳುವಾಗ ಒಳಗೇನಿದೆ ಅಂತ ಬರೆಯದ ಬಿಡಿ ಮಾಲು, ಎಷ್ಟೇ ಅಗ್ಗ ಇರಲಿ, ತರಬೇಡಿ. ನಾಳೆ ಲೇಬಲ್ ಮೇಲೆ ನೀವೇನು ಬರೀತೀರಿ?

2. ಅಂಚು ಸವರಿ

ತರಕಾರಿ ಸಿಪ್ಪೆ ತೆಗೆಯೋ ಪೀಲರ್ ಸಾಕು. ಆಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ.

3. ಒಳಗಿನ ಕಾಗದ

ಬೇಕರಿಯವರು ತರೋ ಬಟರ್ ಪೇಪರ್ ತನ್ನಿ. ಖಾಕಿ ಕಾಗದವನ್ನ ನೇರ ಸುತ್ತಿದ್ರೆ ಎಣ್ಣೆ ಹೀರಿ ಕಲೆಯಾಗ್ತದೆ, ನ್ಯೂಸ್‌ಪೇಪರ್ ಸುತ್ತಿದ್ರೆ ನಿನ್ನೆಯ ಸುದ್ದಿ ಸೋಪಿನ ಮೇಲೆ ಅಚ್ಚಾಗ್ತದೆ.

ಅಳತೆ ತಪ್ಪಿದ್ರೆ ತುದಿ ಉಬ್ಬಿ ನಿಲ್ತದೆ, ಅದಕ್ಕೆ ಒಂದು ಲೆಕ್ಕ ಹೇಳ್ತೇನೆ. ನಿಮ್ಮ ಸೋಪು 8 ಸೆಂಮೀ ಉದ್ದ, 5.5 ಅಗಲ, 2.5 ದಪ್ಪ ಇದೆ ಅಂತಿಟ್ಕೊಳ್ಳಿ. ಸುತ್ತಳತೆ 16, ಒಂದರ ಮೇಲೊಂದು ಕೂರೋಕೆ ಒಂದೂವರೆ, ಒಟ್ಟು 17.5. ಇನ್ನೊಂದು ಕಡೆಗೆ ಉದ್ದ 8, ಎರಡೂ ತುದಿಗೆ ತಲಾ 2, ಅಂದ್ರೆ 12. ತುದಿಗೆ ಬಿಡೋದು ಯಾವತ್ತೂ ಸೋಪಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆಯೇ ಇರಬೇಕು. ಚಂದದ ಮುಖ ಕೆಳಗೆ ಮಾಡಿ ಸೋಪನ್ನ ಕಾಗದದ ಮೇಲಿಡಿ, ಎರಡೂ ಕಡೆಯಿಂದ ಎಳೆದು ಬೆನ್ನಿಗೆ ಸೇರಿಸಿ. ಈಗ ತುದಿ. ಮೊದಲು ಎಡ ಬಲದ ಅಂಚನ್ನ ಹೆಬ್ಬೆರಳಲ್ಲಿ ಒಳಗೆ ಒತ್ತಿ, ಮೇಲೆ ಕೆಳಗೆ ಎರಡು ನಾಲಿಗೆ ಉಳೀತದೆ, ಮುಖದ ಕಡೆಯದನ್ನ ಮೊದಲು ಮಡಿಸಿ, ಬೆನ್ನಿನ ಕಡೆಯದನ್ನ ಅದರ ಮೇಲೆ ತಂದು ಉಗುರಿನಲ್ಲಿ ಗೆರೆ ಎಳೀರಿ. ಹೆಚ್ಚಿನವರು ನಾಲಿಗೆ ಮೊದಲು ಮಡಿಸಿ ಪಕ್ಕದ್ದನ್ನ ಆಮೇಲೆ ತುರುಕ್ತಾರೆ, ಅದು ಒಂದು ತಾಸಲ್ಲಿ ಬಿಚ್ಕೊಳ್ತದೆ.

ಸೆಲೋ ಟೇಪ್ ಬೇಡ, ತೇವಕ್ಕೆ ಏಳ್ತದೆ. ಮೈದಾ ಅಂಟಂತೂ ಬೇಡವೇ ಬೇಡ, ಜಿರಲೆಗೆ ಹಬ್ಬ. ಗ್ಲೂ ಸ್ಟಿಕ್ ಒಂದು ಗೆರೆ ಸಾಕು, ಆಮೇಲೆ ಹೊರಗಿಂದ ದಪ್ಪ ಕಾಗದದ ಪಟ್ಟಿ ಬಂದ್ರೆ ಅದೇ ಹಿಡ್ಕೊಳ್ತದೆ.

4. ಹೊರಗಿನ ಉಡುಪು

ದಪ್ಪ ಕಾಗದದ ಪಟ್ಟಿ ಸಾಕು, ತುದಿಯ ಎರಡು ಬದಿ ಬಿಟ್ಟು. ಗಿರಾಕಿ ಮೂಗಿಗೆ ಹಿಡೀತಾರೆ, ಪರಿಮಳ ಬರ್ಬೇಕಲ್ಲ. ಡಬ್ಬಿಯೇ ಬೇಕು ಅನ್ನೋರು ಮಾಡಿಸಿ, ಒಡವೆ ಪೆಟ್ಟಿಗೆಯ ಹಾಗಿರೋ ಮೈಸೂರು ಸ್ಯಾಂಡಲ್ ಡಬ್ಬಿ ನೋಡಿ ಬೆಳೆದವರು ನಾವು, ಆಸೆ ಸಹಜ. ಆದ್ರೆ ನೂರಿನ್ನೂರು ಸೋಪಿಗೆ ಡಬ್ಬಿ ಮಾಡಿಸಿದ್ರೆ ಡಬ್ಬಿಯದ್ದೇ ಖರ್ಚು ಜಾಸ್ತಿ. ಅಡಿಕೆ ಹಾಳೆಯ ಪೊಟ್ಟಣ ಫೋಟೋಕ್ಕೆ ಲಾಯಕ್ಕು, ಮಳೆ ಬಂದ್ರೆ ಬೂಷ್ಟು. ಒಣ ಬಾಳೆಪಟ್ಟೆಯ ನಾರಲ್ಲಿ ಒಂದು ಗಂಟು ಹಾಕಿ, ಬೇಕಾದ್ರೆ. ಮಿನುಗೋ ರಿಬ್ಬನ್ ಕಂಡ್ರೆ ನನಗೆ ಆಗೋದಿಲ್ಲ.

5. ಲೇಬಲ್

ಮನೆಯ ಇಂಕ್‌ಜೆಟ್ ಪ್ರಿಂಟರ್ ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ, ಒದ್ದೆ ಕೈ ತಾಗಿದ್ರೂ ಅಕ್ಷರ ಇಳಿಯೋದಿಲ್ಲ.

ಕಾನೂನಿನ ಲೆಕ್ಕದಲ್ಲಿ ಮೈಗೆ ಹಚ್ಚೋ ಸೋಪು ಕಾಸ್ಮೆಟಿಕ್. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮ ಎರಡೂ ಇದಕ್ಕೆ ಲಾಗೂ. ಮಾಡಿ ಮಾರೋಕೆ ರಾಜ್ಯದ ಔಷಧ ನಿಯಂತ್ರಣದವರ ಲೈಸೆನ್ಸ್ ಬೇಕು, ಅದರ ನಂಬರ್ ಲೇಬಲ್ ಮೇಲೆ ಬರ್ಬೇಕು. 'ನಾವು ಮನೇಲಿ ಮಾಡೋರು, ನಮಗೆಂಥ ಲೈಸೆನ್ಸು' ಅನ್ನೋ ಮಾತು ಮೇಳದಲ್ಲಿ ನಡೀಬಹುದು, ಇಲಾಖೆಯವರ ಎದುರು ನಡಿಯೋದಿಲ್ಲ. ಇದು ಸಾಲದು ಅಂತ ತೂಕ ಅಳತೆ ಇಲಾಖೆಯವರ 2011ರ ನಿಯಮವೂ ಇದೆ, ಅದರ ಪ್ರಕಾರ ಲೇಬಲ್ ಮೇಲೆ ಇಷ್ಟು ಬೇಕು: ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ವರ್ಷ, ತೆರಿಗೆ ಸೇರಿ ಎಂಆರ್‌ಪಿ, ಒಂದು ಗ್ರಾಂಗೆ ಎಷ್ಟು ಬಿತ್ತು ಅನ್ನೋ ದರ, ದೂರು ಹೇಳೋಕೆ ಫೋನು ಮತ್ತು ಇಮೇಲ್. 100 ಗ್ರಾಂ ಸೋಪಿಗೆ 90 ರೂಪಾಯಿ ಅಂದ್ರೆ ಗ್ರಾಂಗೆ 90 ಪೈಸೆ ಅಂತ ಬರೀಬೇಕು. ಇವೆಲ್ಲ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ಕನ್ನಡವೂ ಇರಲಿ, ಬರೀ ಕನ್ನಡ ಹಾಕಿದ್ರೆ ಸಾಲೋದಿಲ್ಲ. ಬೇಜಾರೇ, ಆದ್ರೆ ನಿಯಮ ಹಾಗಿದೆ. ಒಳಗೇನಿದೆ ಅನ್ನೋ ಪಟ್ಟಿಯಲ್ಲಿ ಜಾಸ್ತಿ ಇರೋದು ಮೊದಲು, ಮತ್ತೆ ಯಾವ ತಿಂಗಳೊಳಗೆ ಬಳಸ್ಬೇಕು ಅಂತಲೂ ಬರೀರಿ.

ತೂಕ ಬರೆಯೋದು ಕಟ್ಟಿದ ದಿನದ್ದು, ಕತ್ತರಿಸಿದ ದಿನದ್ದಲ್ಲ. ದೊಡ್ಡ ಕಂಪನಿ ಸೋಪಿನ ರ‍್ಯಾಪರ್ ತಿರುಗಿಸಿ ನೋಡಿ, 'ಪ್ಯಾಕ್ ಮಾಡಿದಾಗಿನ ತೂಕ' ಅಂತ ಇಂಗ್ಲಿಷಲ್ಲಿ ಇರ್ತದೆ, ಸೋಪು ಆಮೇಲೂ ಇಳೀತದೆ ಅಂತ ಅವರಿಗೆ ಗೊತ್ತು. ಗಜಕರ್ಣ ಹೋಗ್ತದೆ, ತುರಿಕೆ ವಾಸಿಯಾಗ್ತದೆ ಅಂತೆಲ್ಲ ಬರೀಬೇಡಿ, ರೋಗದ ಹೆಸರು ಬಂದ ಕೂಡಲೇ ಅದು ಔಷಧಿಯ ಲೆಕ್ಕಕ್ಕೆ ಹೋಗ್ತದೆ.

6. ಇಡೋದು, ಕಳಿಸೋದು

ತಗಡಿನ ಡಬ್ಬ, ಮುಚ್ಚಳ ಬಿಗಿ. ತೆಂಗಿನೆಣ್ಣೆ ಸೋಪು ಇಲಿಗೆ ಬಹಳ ಇಷ್ಟ, ರಟ್ಟಿನ ಪೆಟ್ಟಿಗೆ ಅದಕ್ಕೊಂದು ಅಡ್ಡಿಯೇ ಅಲ್ಲ. ನುಸಿಗುಳಿಗೆ ಹಾಕಬೇಡಿ, ಸೋಪಿಗೆಲ್ಲ ಅದೇ ವಾಸನೆ. ಬೇರೆ ಬೇರೆ ಪರಿಮಳದ್ದು ಬೇರೆ ಡಬ್ಬ.

ಬಸ್ಸಿಗೆ ಪಾರ್ಸೆಲ್ ಹಾಕುವಾಗ ರಟ್ಟಿನ ಪೆಟ್ಟಿಗೆಯೊಳಗೆ ಸೋಪನ್ನ ಅಂಚಿನ ಮೇಲೆ ನಿಲ್ಲಿಸಿ ಒತ್ತೊತ್ತಾಗಿ ಜೋಡಿಸಿ, ಮಲಗಿಸಿದ್ರೆ ಕೆಳಗಿನದ್ದರ ಮುಖ ಅಪ್ಪಚ್ಚಿ. ಪೆಟ್ಟಿಗೆ ಅಲ್ಲಾಡಿಸಿ ನೋಡಿ, ಒಳಗೆ ಸದ್ದು ಬಂದ್ರೆ ಇನ್ನೂ ಕಾಗದ ತುಂಬಿ. ಪ್ಲಾಸ್ಟಿಕ್ ಹೊದಿಸೋದಿದ್ರೆ ಪೆಟ್ಟಿಗೆಯ ಹೊರಗಿಂದ, ಅದೂ ಮಳೆಗಾಲದಲ್ಲಿ ಮಾತ್ರ, ಮತ್ತೆ ಅಂಗಡಿಯವರಿಗೆ ಫೋನ್ ಮಾಡಿ ತಲುಪಿದ ದಿನವೇ ಅದನ್ನ ತೆಗೆಸಿ.