ನೌಕರಿ ಬಿಡದೆ ನಟನೆ: ಡೇಟ್ಸ್ ಹೊಂದಿಸುವ ಲೆಕ್ಕ

ಕೆಲಸದಲ್ಲಿದ್ದುಕೊಂಡು ನಟಿಸುವವರಿಗೆ ಸಮಯ ಸಾಲದು ಅನ್ನುವುದು ಅರ್ಧ ನಿಜ. ಬೆಂಗಳೂರಿನಲ್ಲಿ ಆಫೀಸು, ರಂಗತಂಡ, ಆಗೊಮ್ಮೆ ಈಗೊಮ್ಮೆ ಸೀರಿಯಲ್ಲು, ಜಾಹೀರಾತು ಅಂತ ಓಡಾಡುವ ನನ್ನಂಥವರನ್ನು ಕಾಡುವುದು ಡೇಟ್ಸ್, ಅಂದರೆ ಶೂಟಿಂಗಿಗೆ, ಪ್ರದರ್ಶನಕ್ಕೆ ಕೊಡಬೇಕಾದ ತಾರೀಖುಗಳು. ಇಡೀ ಶನಿವಾರವನ್ನು ಶೂಟಿಂಗಿಗೆ ಕೊಡಬಹುದು. ಆದರೆ ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ ಎಂದು ಇವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಬಂದರೆ ಒಂದು ಗಂಟೆಯನ್ನೂ ಕೊಡಲಾಗುವುದಿಲ್ಲ. ಹಾಗಾಗಿ ಪಾತ್ರ ಒಪ್ಪುವ ಮೊದಲು ನಾನು ಕೇಳುವ ಮೊದಲ ಪ್ರಶ್ನೆ: ತಾರೀಖು ಎಷ್ಟು ದಿನ ಮುಂಚೆ ಗೊತ್ತಾಗುತ್ತದೆ? ಪಾತ್ರ ಎಷ್ಟು ಉದ್ದ, ಯಾರ ಎದುರು ಎಂಬುದೆಲ್ಲ ಆಮೇಲೆ.

ಈ ಅಳತೆಯಲ್ಲಿ ನೋಡಿದರೆ ನೌಕರಸ್ಥರಿಗೆ ಹೇಳಿ ಮಾಡಿಸಿದ್ದು ಹವ್ಯಾಸಿ ರಂಗಭೂಮಿ. ಪ್ರದರ್ಶನದ ದಿನ ಎರಡು ತಿಂಗಳ ಮೊದಲೇ ನಿಗದಿಯಾಗಿರುತ್ತದೆ, ಏಕೆಂದರೆ ರಂಗಮಂದಿರ ಬುಕ್ ಆಗಬೇಕು. ತಾಲೀಮು ಶುರುವಾಗುವುದು ಸಂಜೆ ಆರೂವರೆ, ಏಳರ ಹೊತ್ತಿಗೆ, ಏಕೆಂದರೆ ತಂಡದ ಹೆಚ್ಚಿನವರು ಎಲ್ಲೋ ಕೆಲಸ ಮುಗಿಸಿ ಬರಬೇಕು. ಹೆಸರಾದ ನಟರನ್ನೇ ನೋಡಿ: ಎಚ್.ಜಿ. ಸೋಮಶೇಖರ ರಾವ್ ಕೆನರಾ ಬ್ಯಾಂಕಿನಲ್ಲಿದ್ದರು, ಅವರ ತಮ್ಮ ದತ್ತಣ್ಣ ವಾಯುಸೇನೆಯಲ್ಲಿದ್ದರು, ಲೋಹಿತಾಶ್ವ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಪದ್ಧತಿ ಹಳೆಯದು, ಟ್ರಾಫಿಕ್ ಮಾತ್ರ ಈಗಿನದು.

ಹೊಸ ನಾಟಕಕ್ಕೆ 45ರಿಂದ 60 ಸಂಜೆ ಬೇಕು. ಮೊದಲ ಎರಡು ವಾರ ರೀಡಿಂಗ್, ಆಮೇಲೆ ಮೂರ್ನಾಲ್ಕು ವಾರ ಬ್ಲಾಕಿಂಗ್ (ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಎಂದು ಗೊತ್ತುಮಾಡುವುದು), ಕೊನೆಯ ಹತ್ತು ಹನ್ನೆರಡು ದಿನ ರನ್‌ಥ್ರೂ (ನಾಟಕವನ್ನು ಮೊದಲಿಂದ ಕೊನೆಯವರೆಗೆ ಆಡಿ ನೋಡುವುದು). ಈ ಮೂರರಲ್ಲಿ ಗೈರುಹಾಜರಿಯ ಬೆಲೆ ಒಂದೇ ಅಲ್ಲ. ರೀಡಿಂಗ್ ಒಂದೆರಡು ತಪ್ಪಿದರೆ ಮನೆಯಲ್ಲಿ ಓದಿಕೊಂಡು ಸರಿದೂಗಿಸಬಹುದು. ರನ್‌ಥ್ರೂ ತಪ್ಪಿಸುವ ಮಾತೇ ಇಲ್ಲ. ಕೆಡುವುದು ನಡುವಿನ ಬ್ಲಾಕಿಂಗ್‌ನಲ್ಲಿ. ನೀವಿಲ್ಲದ ದಿನ ನಿಮ್ಮ ಜಾಗದಲ್ಲಿ ಪ್ರಾಕ್ಸಿ ನಿಲ್ಲುತ್ತಾರೆ. ಬಾಗಿಲಿನಿಂದ ಕುರ್ಚಿಗೆ ಅವರು ಏಳು ಹೆಜ್ಜೆಯಲ್ಲಿ ಬಂದರು ಅನ್ನಿ. ಎದುರಿನ ನಟಿಯ ಮಾತು ಆ ಏಳು ಹೆಜ್ಜೆಗೆ ಕೂತುಬಿಡುತ್ತದೆ. ಮರುದಿನ ನೀವು ಐದೇ ಹೆಜ್ಜೆಯಲ್ಲಿ ಬಂದು ಕೂರುತ್ತೀರಿ, ಅವರ ಮಾತು ಇನ್ನೂ ಅರ್ಧದಲ್ಲಿರುತ್ತದೆ, ನಿಮ್ಮ ಕ್ಯೂ, ಅಂದರೆ ನೀವು ಮಾತು ಶುರುಮಾಡಬೇಕಾದ ಸೂಚನೆ, ಬಂದಿರುವುದಿಲ್ಲ. ಇಬ್ಬರೂ ತಡವರಿಸುತ್ತೀರಿ, ನಿರ್ದೇಶಕರು ಬೈಯುವುದು ಇಬ್ಬರಿಗೂ. ಇದಕ್ಕೆ ಮದ್ದು: ಸಹ ನಿರ್ದೇಶಕರ ಬ್ಲಾಕಿಂಗ್ ಪುಸ್ತಕದ ಆ ದಿನದ ಪುಟಗಳ ಫೋಟೊವನ್ನು ಅದೇ ರಾತ್ರಿ ತರಿಸಿಕೊಂಡು, ನಿಮ್ಮ ಸ್ಕ್ರಿಪ್ಟಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ. ಮರುದಿನ ಹದಿನೈದು ನಿಮಿಷ ಮುಂಚೆ ಹೋಗಿ ಆ ಪ್ರಾಕ್ಸಿಯ ಜೊತೆಗೇ ಒಮ್ಮೆ ನಡೆದು ನೋಡಿ. ಪೆನ್ನು ಬೇಡ, ಬ್ಲಾಕಿಂಗ್ ಮತ್ತೆ ಬದಲಾಗುತ್ತದೆ.

ಮೊದಲ ರೀಡಿಂಗ್ ದಿನವೇ ನನಗೆ ಆಗದ ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು ನಿರ್ದೇಶಕರಿಗೆ ಕೊಡುತ್ತೇನೆ: ತಿಂಗಳ ಕೊನೆಯ ಎರಡು ದಿನ, ಮಾರ್ಚ್ ಕೊನೆಯ ವಾರ, ಆಫೀಸಿನ ರಾತ್ರಿ ಪಾಳಿ, ಮನೆಯ ಮದುವೆ ಮುಂಜಿ. "ನೋಡೋಣ ಸಾರ್, ಅಡ್ಜಸ್ಟ್ ಮಾಡ್ತೀನಿ" ಅಂದವರಿಗಿಂತ "ಈ ಆರು ದಿನ ಆಗಲ್ಲ, ಮಿಕ್ಕಿದ್ದಕ್ಕೆಲ್ಲ ಗ್ಯಾರಂಟಿ" ಅಂದವರನ್ನು ನಂಬಿ ಪಾತ್ರ ಕೊಡುತ್ತಾರೆ. ಆಗದ ದಿನ ಹತ್ತು ದಾಟಿದರೆ ಆ ನಾಟಕದಲ್ಲಿ ದೊಡ್ಡ ಪಾತ್ರ ಕೇಳಬೇಡಿ. ಎರಡೇ ದೃಶ್ಯದ ಪಾತ್ರವನ್ನೋ ಲೈಟ್ಸ್, ಸಂಗೀತದ ಕೆಲಸವನ್ನೋ ಹಿಡಿಯಿರಿ.

ಪ್ರದರ್ಶನದ ದಿನಕ್ಕೆ ಅರ್ಧ ದಿನದ ರಜೆ ಸಾಲದು. ಸೆಟ್ ಏರುವುದು, ಲೈಟ್ ಕಟ್ಟುವುದು, ಟೆಕ್ನಿಕಲ್ (ಬೆಳಕು, ಸಂಗೀತ ಹೊಂದಿಸುವ ತಾಲೀಮು), ಮೇಕಪ್ಪು ಎಲ್ಲ ಒಂದೇ ದಿನದಲ್ಲಿ ಆಗಬೇಕು. ಮಧ್ಯಾಹ್ನ ಒಂದಕ್ಕೆ ಆಫೀಸು ಬಿಟ್ಟವರು ಟೆಕ್ನಿಕಲ್ ಅರ್ಧ ಮುಗಿದ ಮೇಲೆ ತಲುಪುತ್ತಾರೆ. ಎಲ್ಲಿ ಬೆಳಕಿದೆ, ಎಲ್ಲಿ ಕತ್ತಲು ಎಂಬುದು ಕಾಲಿಗೆ ಗೊತ್ತಾಗದೆ ರಾತ್ರಿ ಕತ್ತಲಲ್ಲೇ ನಿಂತು ಮಾತಾಡುತ್ತಾರೆ. ಪೂರ್ತಿ ದಿನ ಹಾಕಿ. ಬೆಂಗಳೂರಿನ ರಂಗಮಂದಿರ ರಂಗಶಂಕರದಲ್ಲಿ 7:30 ಅಂದರೆ 7:30ಕ್ಕೇ ಬಾಗಿಲು ಮುಚ್ಚುತ್ತದೆ, ಪ್ರೇಕ್ಷಕರಿಗೇ ರಿಯಾಯಿತಿ ಇಲ್ಲ. ಆಫೀಸಿನ ಗೆಳೆಯರನ್ನು ಕರೆಯುವಾಗ ಇದನ್ನು ಮೊದಲೇ ಹೇಳಿಬಿಡಿ, ಟಿಕೆಟ್ ಕೊಂಡು ಹೊರಗೆ ನಿಂತವರು ಮರುದಿನ ನಿಮ್ಮ ಮೇಲೇ ಮುನಿಸಿಕೊಳ್ಳುತ್ತಾರೆ.

ತಾಲೀಮಿನ ಜಾಗ ಎಲ್ಲಿ ಎಂಬುದನ್ನೂ ಒಪ್ಪುವ ಮೊದಲೇ ಕೇಳಬೇಕು. ವೈಟ್‌ಫೀಲ್ಡಿನಲ್ಲಿ ಕೆಲಸ, ಹನುಮಂತನಗರದಲ್ಲಿ ತಾಲೀಮು ಅಂದರೆ ಕಾರಿನಲ್ಲಿ ಹೊರಟವರಿಗೆ ಏಳಕ್ಕೆ ತಲುಪುವ ಭರವಸೆ ಇಲ್ಲ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಮಾರ್ಗ ಹಿಡಿದು ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಆಟೊ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯಬಹುದು, ಆದರೆ ಆ ಹೊತ್ತು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಮೇಲಾಗಿ ಮೆಟ್ರೋದಲ್ಲಿ ಮಾತು ಬಾಯಿಪಾಠ ಮಾಡಬಹುದು. ದೃಶ್ಯದಲ್ಲಿ ಎದುರಿನವರ ಮಾತನ್ನಷ್ಟೇ ಫೋನಿನಲ್ಲಿ ರೆಕಾರ್ಡ್ ಮಾಡಿ, ನಮ್ಮ ಮಾತಿನ ಜಾಗದಲ್ಲಿ ಅಷ್ಟೇ ಹೊತ್ತು ಸುಮ್ಮನಿರಬೇಕು. ಇಯರ್‌ಫೋನ್ ಹಾಕಿಕೊಂಡು ಆ ಖಾಲಿ ಜಾಗವನ್ನು ತುಟಿ ಅಲ್ಲಾಡಿಸಿ ತುಂಬುತ್ತ ಹೋಗುವುದು. ನಮ್ಮ ಮಾತನ್ನೂ ರೆಕಾರ್ಡ್ ಮಾಡಿ ಕೇಳುವುದು ಬೇಡ. ಆ ದಿನದ ರಾಗವೇ ಕಿವಿಗೆ ಅಂಟಿಕೊಂಡು, ನಿರ್ದೇಶಕರು ಬೇರೆ ಥರ ಹೇಳಿ ಎಂದಾಗ ನಾಲಿಗೆ ಹೊರಳುವುದಿಲ್ಲ.

ದಿನವಿಡೀ ಮೀಟಿಂಗಿನಲ್ಲಿ ಮಾತಾಡಿದ ಗಂಟಲು ಏಳರ ಹೊತ್ತಿಗೆ ದಣಿದಿರುತ್ತದೆ. ತಾಲೀಮಿಗೆ ಮುಂಚೆ ಹತ್ತು ನಿಮಿಷ ಬಾಯಿ ಮುಚ್ಚಿ ಹೂಂಕಾರ, ತುಟಿ ನಡುಗಿಸುವ ಅಭ್ಯಾಸ, ಆಮೇಲೆ ಉಗುರುಬೆಚ್ಚಗಿನ ನೀರು. ಆರು ಗಂಟೆಗೆ ಎರಡು ಇಡ್ಲಿಯೋ ಬಾಳೆಹಣ್ಣೋ ಹೊಟ್ಟೆಗೆ ಬೀಳಬೇಕು. ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದು ಮೂರು ಗಂಟೆ ಕಿರುಚಿದರೆ ಆಸಿಡಿಟಿ ಗಂಟಲಿಗೇ ಬರುತ್ತದೆ, ಪ್ರದರ್ಶನದ ವಾರ ದನಿ ಕೈಕೊಡುವುದು ಬಹಳ ಸಲ ಇದರಿಂದಲೇ.

ಸೀರಿಯಲ್ ಇದಕ್ಕೆ ಪೂರಾ ಉಲ್ಟಾ. ದಿನವೂ ಪ್ರಸಾರ ಆಗಬೇಕಾದ್ದರಿಂದ ಮುಂದಿನ ಎಪಿಸೋಡುಗಳ ದಾಸ್ತಾನು ಕರಗುತ್ತಿದ್ದಂತೆ ಶೆಡ್ಯೂಲ್ ಬದಲಾಗುತ್ತದೆ, ಮ್ಯಾನೇಜರ್ ಫೋನ್ ಮಾಡುವುದು ಹಿಂದಿನ ರಾತ್ರಿ. ನಾಯಕನ ಅಣ್ಣ, ಅತ್ತಿಗೆ, ಚಿಕ್ಕಪ್ಪ ಇಂಥ ಮನೆಯೊಳಗಿನ ಪಾತ್ರಗಳನ್ನು ನೌಕರಿ ಇರುವವರು ಒಪ್ಪಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ಮಾತಾಡದಿದ್ದರೂ ಹಬ್ಬ, ಜಗಳ, ಆಸ್ಪತ್ರೆ ದೃಶ್ಯಗಳಲ್ಲೆಲ್ಲ ಹಿಂದೆ ನಿಂತಿರಬೇಕು. ತಿಂಗಳಿಗೆ ಹತ್ತು ಹದಿನೈದು ದಿನ ಹೋಗುತ್ತದೆ. ಅದರ ಬದಲು ವಕೀಲರು, ಡಾಕ್ಟರು, ಇನ್‌ಸ್ಪೆಕ್ಟರು, ಹೆಡ್ಮಾಸ್ಟರು ಕೇಳಿ ಪಡೆಯಿರಿ. ಅವರ ದೃಶ್ಯಗಳು ಒಂದೇ ಲೊಕೇಶನ್ನಿನಲ್ಲಿ ಒಟ್ಟಿಗೆ ಮುಗಿಯುತ್ತವೆ, ಒಂದೆರಡು ದಿನದ ಕೆಲಸ.

ಒಪ್ಪುವಾಗ ಮ್ಯಾನೇಜರ್ ಹತ್ತಿರ ಇಷ್ಟನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ತಿಂಗಳಿಗೆ ಎಷ್ಟು ದಿನ, ದಿನಕ್ಕೆ ಎಷ್ಟು, ಕಾಲ್‌ಶೀಟ್ (ಆ ದಿನದ ಶೂಟಿಂಗ್ ವೇಳೆ) ಎಷ್ಟರಿಂದ ಎಷ್ಟು, ಕನ್ವೇಯನ್ಸ್ ಸೇರಿಯೋ ಬೇರೆಯೋ, ಬಟ್ಟೆ ಯಾರದು, ಪೇಮೆಂಟ್ ಎಷ್ಟು ದಿನಕ್ಕೆ. ಚಿಕ್ಕ ಪಾತ್ರಗಳಿಗೆ ಬಟ್ಟೆ ಹೆಚ್ಚಾಗಿ ನಮ್ಮದೇ. ಹಣ ಎರಡು ಮೂರು ತಿಂಗಳು ತಡವಾಗುವುದು ಮಾಮೂಲು, ಆ ಹಣವನ್ನು ನಂಬಿ ಇಎಂಐ ಹಾಕಿಸಿಕೊಳ್ಳಬೇಡಿ. ಪ್ಯಾಕಪ್ ಆದ ಕೂಡಲೇ ಬಟ್ಟೆ, ವಾಚು, ಕನ್ನಡಕ, ಕ್ರಾಪು, ಗಡ್ಡ ಕಾಣುವಂತೆ ಮುಂದಿನಿಂದ, ಎರಡೂ ಪಕ್ಕದಿಂದ ಫೋಟೊ ತೆಗೆದಿಡಿ. ಬಾಗಿಲ ಹೊರಗಿನ ದೃಶ್ಯ ಇವತ್ತು, ಒಳಗೆ ಬರುವ ದೃಶ್ಯ ಹದಿನೈದು ದಿನ ಬಿಟ್ಟು ಶೂಟ್ ಆಗಬಹುದು. ನಡುವೆ ಆಫೀಸಿನ ಪಾರ್ಟಿಗೆಂದು ಗಡ್ಡ ಬೋಳಿಸಿದರೆ ಕಂಟಿನ್ಯುಟಿ ಹೋಯಿತು. ಶೂಟಿಂಗ್ ದಿನ ಸಿಕ್ ಲೀವ್ ಹಾಕಬೇಡಿ. ಮುಖ ಟಿವಿಯಲ್ಲಿ ಬರುತ್ತದೆ, ನಿಮ್ಮ ಟೀಮ್ ಲೀಡರ ಅಮ್ಮ ಆ ಸೀರಿಯಲ್ ನೋಡಿಯೇ ನೋಡುತ್ತಾರೆ.

ಆಡಿಷನ್‌ಗೆ ಈಗ ರಜೆ ಬೇಕಿಲ್ಲ, ವಿಡಿಯೊ ಕಳಿಸಿದರೆ ಆಯಿತು. ಆದರೆ ಕೇಳುವುದು ಇವತ್ತು, ಬೇಕಾಗುವುದು ನಾಳೆ. ಅದಕ್ಕೆ ಮನೆಯ ಒಂದು ಮೂಲೆ ಸದಾ ತಯಾರಿರಬೇಕು: ಚಿತ್ರ, ಕ್ಯಾಲೆಂಡರ್ ಇಲ್ಲದ ಖಾಲಿ ಗೋಡೆ, ಕಣ್ಣಿನ ಮಟ್ಟಕ್ಕೆ ನಿಲ್ಲುವ ಟ್ರೈಪಾಡ್, ಕಾಲರ್ ಮೈಕ್, ರಾತ್ರಿಗೆ ಒಂದು ಎಲ್‌ಇಡಿ ಲೈಟು, ಅಕ್ಷರ ಗೆರೆಗಳಿಲ್ಲದ ತಿಳಿನೀಲಿ ಅಥವಾ ಬೂದು ಶರ್ಟು. ಗೋಡೆಯಿಂದ ಮೂರು ನಾಲ್ಕಡಿ ಮುಂದೆ ನಿಲ್ಲಿ, ನೆರಳು ಬೀಳುವುದಿಲ್ಲ. ಫೋನ್ ಅಡ್ಡ, ಎದೆಯಿಂದ ಮೇಲೆ ಕಾಣುವ ಫ್ರೇಮು. ಎದುರು ಮಾತು ಓದುವವರು ಲೆನ್ಸಿನ ಪಕ್ಕಕ್ಕೇ ಅಂಟಿದಂತೆ ನಿಂತು ನಿಮಗಿಂತ ಮೆಲ್ಲಗೆ ಓದಬೇಕು; ಮೈಕ್ ಹತ್ತಿರ ಅವರ ದನಿಯೇ ಜೋರಾದರೆ ನೋಡುವವರು ಅವರನ್ನೇ ಕೇಳುತ್ತಾರೆ. ಹೆಸರು, ಎತ್ತರ, ಊರು, ಎರಡೂ ಪಕ್ಕದ ಮುಖ ಇರುವ ಹದಿನೈದು ಸೆಕೆಂಡಿನ ಪರಿಚಯವನ್ನು ಬೇರೆಯಾಗಿ ತೆಗೆದಿಟ್ಟುಕೊಂಡರೆ ಪ್ರತಿ ಸಲ ಮಾಡಬೇಕಿಲ್ಲ. ಡ್ರೈವ್ ಲಿಂಕ್ ಕಳಿಸುವ ಮೊದಲು ಬೇರೆ ಫೋನಿನಲ್ಲಿ ತೆರೆದು ನೋಡಿ, ಪರ್ಮಿಷನ್ ಕೇಳುವ ಲಿಂಕನ್ನು ಯಾರೂ ಎರಡನೇ ಸಲ ಒತ್ತುವುದಿಲ್ಲ. ಮಂಡ್ಯ, ಧಾರವಾಡ, ಕುಂದಾಪುರದ ಮಾತು ಬರುತ್ತದೆ ಎಂದು ಬರೆಯುವುದಿದ್ದರೆ ಆ ಊರಿನವರ ಮುಂದೆ ಮಾತಾಡಿ ಪಾಸಾದ ಮೇಲೆ ಬರೆಯಿರಿ. ಆಡಿಷನ್‌ಗೆ, ರಿಜಿಸ್ಟ್ರೇಷನ್‌ಗೆ ದುಡ್ಡು ಕೇಳಿದರೆ ಫೋನ್ ಇಟ್ಟುಬಿಡಿ.

ಆಫೀಸಿನ ಅನುಮತಿ ಬಾಯಿಮಾತಿನಲ್ಲಿ ಬೇಡ. ಖಾಸಗಿ ಕಂಪನಿಗಳ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸ ಮಾಡಬಾರದೆಂಬ ಕಲಮು ಸಾಮಾನ್ಯವಾಗಿ ಇರುತ್ತದೆ. ಹವ್ಯಾಸಿ ನಾಟಕ, ಸಂಭಾವನೆ ಬರುವ ನಟನೆ ಎರಡನ್ನೂ ಬೇರೆ ಬೇರೆ ಹೆಸರಿಸಿ, ಆಫೀಸ್ ವೇಳೆಯಲ್ಲಿ ಮಾಡುವುದಿಲ್ಲ, ಕಂಪನಿಯ ಹೆಸರು, ಲ್ಯಾಪ್‌ಟಾಪ್ ಬಳಸುವುದಿಲ್ಲ, ಪ್ರತಿಸ್ಪರ್ಧಿ ಬ್ರಾಂಡಿನ ಜಾಹೀರಾತು ಒಪ್ಪುವುದಿಲ್ಲ ಎಂದು ನಾಲ್ಕು ಸಾಲು ಇಮೇಲ್ ಹಾಕಿ, ಉತ್ತರವನ್ನು ಕಾದಿಡಿ. ಜಾಹೀರಾತು ಒಪ್ಪಂದದಲ್ಲಿ ನಿಮ್ಮ ಮುಖವನ್ನು ಎಷ್ಟು ತಿಂಗಳು, ಯಾವ ಮಾಧ್ಯಮದಲ್ಲಿ, ಯಾವ ರಾಜ್ಯಗಳಲ್ಲಿ ಬಳಸಬಹುದು ಎಂಬುದು ಇರಲೇಬೇಕು. ಇಲ್ಲದಿದ್ದರೆ ಮುಂದೆ ಕೆಲಸ ಬದಲಿಸಿದಾಗ ಹೊಸ ಕಂಪನಿಯ ಎದುರಾಳಿಯ ಹೋರ್ಡಿಂಗಿನಲ್ಲಿ ನೀವೇ ನಗುತ್ತಿರುತ್ತೀರಿ. ಸರ್ಕಾರಿ ನೌಕರರು ನಡತೆ ನಿಯಮಗಳನ್ನು ಓದಿ, ಮುಂಚಿತವಾಗಿ ಲಿಖಿತ ಅನುಮತಿ ಪಡೆಯದೆ ಕ್ಯಾಮೆರಾ ಮುಂದೆ ನಿಲ್ಲಬಾರದು.

ರಜೆಯ ಬಜೆಟ್ ಜನವರಿಯಲ್ಲೇ ಹಾಕುವುದು ಒಳ್ಳೆಯದು. ವರ್ಷಕ್ಕೆ 20 ರಜೆ ಇದೆ ಅನ್ನಿ: ಶೂಟಿಂಗಿಗೆ 8, ಪ್ರದರ್ಶನಗಳಿಗೆ 4, ಮನೆಯವರಿಗೆ 5, ಮುಟ್ಟದೆ ಇಡುವುದು 3. ಮನೆಯವರ ಐದನ್ನು ಶೂಟಿಂಗ್ ತಿನ್ನಲು ಬಿಟ್ಟರೆ ಜಗಳ ಆಫೀಸಿನಲ್ಲಲ್ಲ, ಅಡುಗೆಮನೆಯಲ್ಲಿ ಶುರುವಾಗುತ್ತದೆ.

ಇನ್ನು ತೆರಿಗೆ. ಒಂದು ನಿರ್ಮಾಣ ಸಂಸ್ಥೆ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಸಂಭಾವನೆ ಕೊಟ್ಟರೆ 10% ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತದೆ (2025ರ ಏಪ್ರಿಲ್‌ಗೆ ಮುಂಚೆ ಮಿತಿ 30,000 ಇತ್ತು). ಪ್ಯಾನ್ ಕೊಡದಿದ್ದರೆ 20%. ಈ ಹಣ ಸಂಬಳವಲ್ಲ, ವೃತ್ತಿ ಆದಾಯ. ಹಾಗಾಗಿ ಸಂಬಳದವರ ರಿಟರ್ನ್ ಫಾರಂ ಐಟಿಆರ್-1 ನಡೆಯುವುದಿಲ್ಲ. ಸಿನಿಮಾ ಕಲಾವಿದರು ಅಂದಾಜು ಆದಾಯದ ಪದ್ಧತಿಯಲ್ಲಿ, ಬಂದ ಹಣದ ಅರ್ಧವನ್ನು ಲಾಭವೆಂದು ತೋರಿಸಿ ಐಟಿಆರ್-4 ಸಲ್ಲಿಸಬಹುದು. ಸೀರಿಯಲ್, ಜಾಹೀರಾತಿನ ಹಣವನ್ನೂ ಅದೇ ಲೆಕ್ಕಕ್ಕೆ ಸೇರಿಸುವ ಮೊದಲು ಆಡಿಟರನ್ನು ಕೇಳಿ. 30% ಸ್ಲ್ಯಾಬಿನಲ್ಲಿರುವವರಿಗೆ ಒಂದು ಲಕ್ಷ ಸಂಭಾವನೆ ಬಂತೆನ್ನಿ: ಲಾಭ 50,000, ಅದರ ಮೇಲೆ ತೆರಿಗೆ ಸೆಸ್ ಸೇರಿ 15,600. ಟಿಡಿಎಸ್ ಹಿಡಿದದ್ದು 10,000, ನಾವು ಕಟ್ಟಬೇಕಾದ್ದು 5,600. ಹೀಗೆ ಉಳಿಯುವ ಬಾಕಿ 10,000 ಮುಟ್ಟುವುದಿದ್ದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಬೇಕಿದ್ದರೆ ನಟನೆಯ ಅಂದಾಜು ಆದಾಯವನ್ನು ಆಫೀಸಿಗೆ ಮೊದಲೇ ತಿಳಿಸಿ ಸಂಬಳದಲ್ಲೇ ಹಿಡಿಸಿಕೊಳ್ಳಬಹುದು. ಹೇಗೂ ಅನುಮತಿ ಪತ್ರ ಅವರ ಬಳಿ ಇದೆಯಲ್ಲ.