ಬೆನ್ನು ನೋವಿಟ್ಟುಕೊಂಡೇ ಅಡಿಕೆ ಸುಲಿದೆ: ನನ್ನ ಅನುಭವ

ಈ ಸಲದ ಕೊಯ್ಲಿನಲ್ಲಿ ದಿನಕ್ಕೆ ಹತ್ತಿರಹತ್ತಿರ ಮೂರು ಡಬ್ಬ (ಸುಲಿತ ಅಳೆಯುವ ತಗಡಿನ ಡಬ್ಬ) ಅಡಿಕೆ ಸುಲಿದೆ. ಅದಕ್ಕೂ ಮುಂಚೆ ಎರಡು ವರ್ಷ ಮೆಟ್ಟುಗತ್ತಿ (ಮಣೆಗೆ ಕೂರಿಸಿದ, ನೆಲದಲ್ಲಿ ಕೂತು ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ) ಮುಟ್ಟಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಯಾರೂ ಇದನ್ನು ನಂಬಿರಲಿಲ್ಲ.

ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಬಂದು ಬಿಗಿಯುವ ಕಾಯಿಲೆ. ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಮೂರಕ್ಕೆ ಎಚ್ಚರ, ಬೆಳಿಗ್ಗೆ ಬೆನ್ನು ಹಲಗೆ. ಶುರುವಾದದ್ದು 27ರ ವಯಸ್ಸಿಗೆ, ಕಾಯಿಲೆಯ ಹೆಸರು ತಿಳಿದದ್ದು 33ಕ್ಕೆ. ಅಲ್ಲಿಯವರೆಗೆ ಡಿಸ್ಕ್ ಅಂತಲೇ ಔಷಧಿ. ಒಬ್ಬ ಡಾಕ್ಟರು ಮೂರು ತಿಂಗಳು ಮಲಗಿರು ಅಂದರು. ಮಲಗಿದೆ. ಕೊನೆಗೆ ಕಾಲಿಗೆ ಚಪ್ಪಲಿ ಹಾಕಲೂ ಅಮ್ಮ ಬೇಕಾಯಿತು. ಈ ನೋವು ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ. ಅದನ್ನು ಯಾರೂ ಹೇಳಿರಲಿಲ್ಲ. ಆ ಮೂರು ತಿಂಗಳು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಸಿಗೆಗೆ 14 ಸಾವಿರ, ಬೆಲ್ಟಿಗೆ ಸಾವಿರದ ಮೇಲೆ, ಆಮೇಲೆ ಶಿವಮೊಗ್ಗಕ್ಕೆ ಓಡಾಟ, ಎಂಆರ್‌ಐ, ಎಚ್‌ಎಲ್‌ಎ-ಬಿ27 (ಈ ಕಾಯಿಲೆಗೆ ನಂಟಿರುವ ಜೀನ್) ರಕ್ತ ಪರೀಕ್ಷೆ. ಎಲ್ಲಾ ಸೇರಿ ಒಂದೂವರೆ ಲಕ್ಷ ಹೋಗಿರಬಹುದು. ಎರಡು ಎಕರೆ ತೋಟದವನಿಗೆ ಅದು ಸಣ್ಣ ದುಡ್ಡಲ್ಲ. ಜೊತೆಗೆ ನನ್ನ ಪಾಲಿನ ಸುಲಿತಕ್ಕೂ ಆಳಿಗೆ ಕೊಡಬೇಕಾಯಿತು.

ನೆಲಕ್ಕೆ ಕುಕ್ಕರಿಸಿ, ಬಗ್ಗಿ, ನಾಲ್ಕು ತಾಸು ಅಲುಗಾಡದೆ ಕೂರುವುದೇ ನನಗೆ ವಿಷ. ಹಾಗಾದರೆ ಕತ್ತಿಯನ್ನೇ ಮೇಲೆ ತಂದರೆ? ಮೊದಲು ಹಳೇ ಬೆಂಚಿನ ಮೇಲೆ ಮಣೆ ಇಟ್ಟೆ. ಕತ್ತಿ ಅಲ್ಲಾಡಿ ಹೆಬ್ಬೆರಳು ಸೀಳಿತು, ನಾಲ್ಕು ಹೊಲಿಗೆ. ದೊಡ್ಡಪ್ಪ ನೋಡಿ, "ಮೆಟ್ಟುಗತ್ತಿಗೆ ಮೇಜು ಯಾರಾದ್ರೂ ಮಾಡ್ತಾರಾ ಮಾರಾಯ, ಸುಮ್ನೆ ಮಲ್ಕೋ" ಅಂದರು. ಎರಡನೇ ಸಲ ಬೋಲ್ಟು ಹಾಕಿ ಬಿಗಿದೆ, ಆದರೆ ಎತ್ತರ ಜಾಸ್ತಿಯಾಗಿ ಭುಜ ಹಿಡಿದುಕೊಂಡಿತು. ಮೂರನೆಯದು ಕೂತಿತು. ಎತ್ತರದ ಸ್ಟೂಲಿನ ಮೇಲೆ ಅರ್ಧ ಕೂತು ಅರ್ಧ ನಿಂತು, ಒಂದು ಕಾಲು ಇಟ್ಟಿಗೆಯ ಮೇಲೆ. ಅಡಿಕೆ ಹಿಡಿದ ಕೈ ಮೊಣಕೈಗಿಂತ ಸ್ವಲ್ಪ ಕೆಳಗೆ. ಆಚಾರಿಗೆ ಕೊಟ್ಟಿದ್ದು 1,800. ಕತ್ತಿಯನ್ನು ಎಷ್ಟು ಓರೆ ಕೂರಿಸಿದ್ದೇನೆ, ಮಣೆಯ ಅಡಿಗೆ ಏನು ಹಾಕಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಜಗಲಿಗೆ ಬಂದವರಿಗೆ ತೋರಿಸುತ್ತೇನೆ.

ಮೇಜಿಗಿಂತ ಹೊತ್ತಿನ ಲೆಕ್ಕ ಮುಖ್ಯ. 35 ನಿಮಿಷ ಸುಲಿತ, ಮೊಬೈಲ್ ಬಡಿದುಕೊಂಡ ಕೂಡಲೇ ಎದ್ದು ಒಲೆಯ ಹತ್ತಿರ ಹೋಗಿ ಬೇಯುವ ಅಡಿಕೆ ಕೈಯಾಡಿಸಿ ಬರುವುದು. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮುಂಚೆ ಏಳಬೇಕು. ಮೊದಲ ವಾರ ಇದನ್ನು ಮೀರಿದೆ, ಎರಡು ದಿನ ಏಳಲಾಗಲಿಲ್ಲ. ಬೆಳಗಿನ ಸುಲಿತ ಪೂರ್ತಿ ಬಿಟ್ಟೆ. ಎದ್ದು ಹಂಡೆಯ ಬಿಸಿನೀರು ಬೆನ್ನಿಗೆ ಹೊಯ್ದುಕೊಂಡು, ತೋಟದ ತನಕ ನಡೆದು ಬಂದು, ಹತ್ತಕ್ಕೆ ಶುರು. ಡಾಕ್ಟರನ್ನು ಕೇಳಿ ಮಾತ್ರೆಯನ್ನು ರಾತ್ರಿ ಊಟದ ಮೇಲಕ್ಕೆ ಬದಲಿಸಿಕೊಂಡೆ. ಬೆಳಗಿನ ಬಿಗಿತ ಒಂದೂವರೆ ತಾಸಿನಿಂದ ಮುಕ್ಕಾಲು ತಾಸಿಗೆ ಇಳಿಯಿತು. ನೋವಿನ ಮಾತ್ರೆ ನುಂಗುವವರು ಕಿಡ್ನಿ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ನಡುವೆ ಲಕ್ಕಿ ಸೊಪ್ಪು ಬಾಡಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟು ನೋಡಿದೆ. ಹಿತವಾಗುತ್ತದೆ, ಆದರೆ ಬರೀ ಮರಳಿನ ಗಂಟು ಕಾಯಿಸಿ ಇಟ್ಟರೂ ಅಷ್ಟೇ ಹಿತ. ಸುಲಿಯುವ ಯಂತ್ರ ಬಾಡಿಗೆಗೆ ತಂದೂ ನೋಡಿದೆ. ನಮ್ಮ ಅಡಿಕೆಗೆ ಗಾಯ ಜಾಸ್ತಿ, ವಾಪಸ್ ಕಳಿಸಿದೆ.

ಈ ಸಲ ಆಳಿನ ಖರ್ಚಿನಲ್ಲಿ 20 ಸಾವಿರದಷ್ಟು ಉಳಿಯಿತು. ದೊಡ್ಡಪ್ಪನೂ ತಮ್ಮ ಮೊಣಕಾಲಿಗೆ ಇಂಥದ್ದೇ ಮೇಜು ಬೇಕು ಅಂದಿದ್ದಾರೆ, ಅಳತೆ ತೆಗೆದುಕೊಂಡೆ. ಇನ್ನು ಉಳಿದಿರುವುದು ಮಳೆಗಾಲ. ತೋಟಕ್ಕೆ ಔಷಧಿ ಹೊಡೆಯುವಾಗ ಪೈಪ್ ಎಳೆಯುವುದಕ್ಕೆ ನನಗಿನ್ನೂ ದಾರಿ ಸಿಕ್ಕಿಲ್ಲ. ಸೊಂಟಕ್ಕೆ ಕಟ್ಟಿ ಎಳೆದು ನೋಡಿದೆ, ಎರಡು ಸಾಲಿಗೇ ಕೂರಬೇಕಾಯಿತು. ಈ ವರ್ಷ ಪೈಪನ್ನು ತೋಟದ ನಡುವೆ ಮರದಿಂದ ಮರಕ್ಕೆ ಕೊಂಡಿ ಹಾಕಿ ತೂಗುಬಿಡುತ್ತೇನೆ. ಕೊಂಡಿ ತಂದಿಟ್ಟಾಗಿದೆ.