ಹದಿನಾರು ಪಿಕ್ಸೆಲ್‌ನಲ್ಲಿ ಗೇಮ್ ಪಾತ್ರ ಬಿಡಿಸುವುದು ಹೇಗೆ?

1981ರಲ್ಲಿ ‘ಡಾಂಕಿ ಕಾಂಗ್’ ಗೇಮ್‌ಗಾಗಿ ಜಪಾನಿನ ಶಿಗೆರು ಮಿಯಾಮೊಟೊ ಒಬ್ಬ ಬಡಗಿಯನ್ನು ರೂಪಿಸಿದರು. ಪರದೆಯ ಕೆಲವೇ ಚುಕ್ಕೆಗಳ (ಪಿಕ್ಸೆಲ್‌ಗಳ) ಜಾಗದಲ್ಲಿ ಕೂದಲು ಸರಿಯಾಗಿ ಮೂಡುತ್ತಿರಲಿಲ್ಲ, ಟೋಪಿ ಹಾಕಿದರು. ಬಾಯಿಗೆ ಜಾಗವಿರಲಿಲ್ಲ, ಮೀಸೆ ಬಂತು. ಕೈ ಬೀಸಿದ್ದು ಮೈಯಿಂದ ಬೇರೆಯಾಗಿ ಕಾಣಲಿ ಅಂತ ಓವರಾಲ್ಸ್ (ಎದೆಯವರೆಗೆ ಬರುವ ಪ್ಯಾಂಟು) ತೊಡಿಸಿದರು. ಅವನೇ ಮುಂದೆ ಮಾರಿಯೊ ಆದ. ರೆಟ್ರೊ, ಅಂದರೆ ಹಳೇ ಶೈಲಿಯ ಗೇಮ್‌ಗಳಿಗೆ ಪಾತ್ರ ಬಿಡಿಸುವವರು ಇವತ್ತಿಗೂ ಹೀಗೇ ಶುರುಮಾಡುತ್ತಾರೆ. ಏನನ್ನು ಬಿಡಬೇಕು ಅನ್ನೋದು ಮೊದಲು ತೀರ್ಮಾನವಾಗಬೇಕು.

ಸಾಮಾನು ಜಾಸ್ತಿ ಬೇಡ. ಸಾಧಾರಣ ಕಂಪ್ಯೂಟರ್, ಒಂದು ಮೌಸ್ ಸಾಕು. ಅಸೆಪ್ರೈಟ್ ಈ ಕೆಲಸಕ್ಕೇ ಹುಟ್ಟಿದ ಸಾಫ್ಟ್‌ವೇರ್, ದುಡ್ಡು ಕೊಡಬೇಕು. ಲಿಬ್ರೆಸ್ಪ್ರೈಟ್ ಮತ್ತು ಬ್ರೌಸರ್‌ನಲ್ಲೇ ತೆರೆಯುವ ಪಿಸ್ಕೆಲ್ ಉಚಿತ.

ಹಂತ 1: ಅಳತೆ
16x16 ಪಿಕ್ಸೆಲ್‌ನ ಕ್ಯಾನ್ವಾಸ್ ತೆರೆಯಿರಿ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ನಲ್ಲಿ ಚಿಕ್ಕ ಮಾರಿಯೊ ಇದ್ದದ್ದು ಇಷ್ಟರಲ್ಲೇ. ದೊಡ್ಡ ಚಿತ್ರ ಬಿಡಿಸಿ ಆಮೇಲೆ ಕುಗ್ಗಿಸೋಣ ಅಂದುಕೊಳ್ಳಬೇಡಿ. ಕುಗ್ಗಿಸಿದರೆ ಕಣ್ಣು ಮೂಗು ಎಲ್ಲ ಕಲಸಿಹೋಗುತ್ತದೆ.

ಹಂತ 2: ನೆರಳಚಿತ್ರ
ಇಲ್ಲಿ ಎಷ್ಟು ಹೊತ್ತು ಕೂತರೂ ನಷ್ಟವಿಲ್ಲ. ಉದಾಹರಣೆಗೆ, ಮಳೆಯಲ್ಲಿ ಗೊರಬು ಹಾಕಿಕೊಂಡು ಲಾಟೀನು ಹಿಡಿದ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಿ. ಬಣ್ಣ ಬೇಡ, ಕಣ್ಣು ಬೇಡ. ಒಂದೇ ಕಪ್ಪು ಬಣ್ಣದಲ್ಲಿ ಇಡೀ ಆಕಾರ ತುಂಬಿ. ಗೊರಬು ಸೇರಿ ತಲೆಗೆ 8 ಸಾಲು, ಮೈಗೆ 5, ಕಾಲಿಗೆ 3. ತಲೆ ಇಷ್ಟು ದಪ್ಪವಾ ಅನ್ನಿಸಬಹುದು. ನಿಜದ ಅಳತೆಯಲ್ಲಿ ಬಿಡಿಸಿದರೆ ಮುಖಕ್ಕೆ ಎರಡು ಮೂರು ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಅದರಲ್ಲಿ ಕಣ್ಣು ಕೂರುವುದಿಲ್ಲ. ಲಾಟೀನು ಹಿಡಿದ ಕೈ ಮೈಗೆ ಅಂಟಿರಬಾರದು, ನಡುವೆ ಒಂದು ಪಿಕ್ಸೆಲ್ ಖಾಲಿ ಬಿಡಿ. ಆಮೇಲೆ ಝೂಮ್ ತೆಗೆದು ದೂರದಿಂದ ನೋಡಿ. ಯಾರು, ಏನು ಹಿಡಿದಿದ್ದಾಳೆ ಅಂತ ಗೊತ್ತಾಗದಿದ್ದರೆ ಬಣ್ಣ ಹಚ್ಚಿಯೂ ಪ್ರಯೋಜನವಿಲ್ಲ. ಆಕಾರವನ್ನೇ ತಿದ್ದಿ.

ಹಂತ 3: ಬಣ್ಣ
ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಯಂತ್ರ ಎನ್‌ಇಎಸ್‌ನಲ್ಲಿ ಒಂದು ಸ್ಪ್ರೈಟ್‌ಗೆ (ಪರದೆಯಲ್ಲಿ ಓಡಾಡುವ ಪುಟ್ಟ ಚಿತ್ರಕ್ಕೆ) ಮೂರೇ ಬಣ್ಣ, ನಾಲ್ಕನೆಯದು ಪಾರದರ್ಶಕ. 1987ರ ‘ಮೆಗಾ ಮ್ಯಾನ್’ ಗೇಮ್ ಮಾಡಿದವರು ಇನ್ನಷ್ಟು ಬಣ್ಣ ಬೇಕಾಗಿ ನಾಯಕನ ಮುಖವನ್ನೇ ಬೇರೆ ಸ್ಪ್ರೈಟ್ ಮಾಡಿ ಮೈಮೇಲೆ ಕೂರಿಸಿದರು. ಎಂಥ ಜಾಣತನ ಅಲ್ವಾ! ಈಗ ಯಾವ ಯಂತ್ರವೂ ನಿಮ್ಮನ್ನು ತಡೆಯುವುದಿಲ್ಲ. ಆದರೂ ಮೊದಲ ಪಾತ್ರಕ್ಕೆ ಮೂರೇ ಬಣ್ಣ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಕೂದಲು, ಕಣ್ಣು, ಅಂಚಿಗೆ ಕಡುನೀಲಿ. ಗೊರಬು, ಬಟ್ಟೆಗೆ ಕಂದು. ಮುಖ ಮತ್ತು ಲಾಟೀನಿನ ಬೆಳಕಿಗೆ ತಿಳಿಹಳದಿ. ಚಿತ್ರವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಆಗಲೂ ಮೂರೂ ಬೇರೆಬೇರೆಯಾಗಿ ಕಂಡರೆ ಆಯ್ಕೆ ಸರಿಯಾಗಿದೆ.

ಮುಂದೆ ನೆರಳಿನ ಬಣ್ಣ ಸೇರಿಸುವಾಗ ಬೆಳಕು ಯಾವ ಕಡೆಯಿಂದ ಬರುತ್ತದೆ ಅಂತ ಗಟ್ಟಿ ಮಾಡಿಕೊಳ್ಳಿ. ಸುಮ್ನೆ ಅಂಚಿನ ಸುತ್ತ ಕಪ್ಪು, ನಡುವೆ ಬಿಳುಪು ಹಚ್ಚಿದರೆ ಪಾತ್ರ ಊದಿಕೊಂಡಂತೆ ಕಾಣುತ್ತದೆ.

ಹಂತ 4: ಅಂಚು
ಗೊರಬಿನ ಬಾಗು ನುಣುಪಾಗಿ ಬರಬೇಕು. ಬಾಗಿನಲ್ಲಿ ಪಿಕ್ಸೆಲ್‌ಗಳು ಮೆಟ್ಟಿಲಿನಂತೆ ಕೂರುತ್ತವೆ, ಆ ಮೆಟ್ಟಿಲುಗಳ ಉದ್ದ 3, 2, 1 ಪಿಕ್ಸೆಲ್ ಹೀಗೆ ಕ್ರಮವಾಗಿ ಇಳಿಯಲಿ. 3, 1, 2 ಆದರೆ ಗೆರೆ ಮುರಿದಂತೆ ಕಾಣುತ್ತದೆ.

ಹಂತ 5: ನಡಿಗೆ
ನಾಲ್ಕು ಫ್ರೇಮ್, ಅಂದರೆ ಒಂದಾದ ಮೇಲೊಂದು ತೋರಿಸುವ ನಾಲ್ಕು ಚಿತ್ರ ಸಾಕು. ಒಂದರಲ್ಲಿ ಕಾಲು ಅಗಲ, ಮುಂದಿನದರಲ್ಲಿ ಕಾಲು ಜೊತೆಗೂಡಿ, ಮತ್ತೆ ಇನ್ನೊಂದು ಕಾಲು ಮುಂದೆ, ಮತ್ತೆ ಜೊತೆ. 16 ಸಾಲೂ ತುಂಬಿರುವುದರಿಂದ ಮೇಲೆತ್ತಲು ಜಾಗವಿಲ್ಲ, ಕಾಲು ಅಗಲವಾದಾಗ ತಲೆ, ಮೈಯನ್ನು ಒಂದು ಪಿಕ್ಸೆಲ್ ಕೆಳಗಿಳಿಸಿ. ಆ ಒಂದು ಪಿಕ್ಸೆಲ್‌ನಿಂದ ಗೊಂಬೆಗೆ ಜೀವ ಬರುತ್ತದೆ, ನೋಡಿದರೆ ಖುಷಿಯಾಗುತ್ತದೆ. ಒಂದು ಫ್ರೇಮ್‌ಗೆ 120 ಮಿಲಿಸೆಕೆಂಡ್ ಕೊಟ್ಟು ಶುರುಮಾಡಿ. ಎಡಕ್ಕೆ ನಡೆಯಲು ಚಿತ್ರವನ್ನು ಹಾಗೇ ತಿರುಗಿಸಿದರೆ ಲಾಟೀನು ಇನ್ನೊಂದು ಕೈಗೆ ಹೋಗುತ್ತದೆ. ಕಥೆಗೆ ಅದು ಮುಖ್ಯವಾದರೆ ಎಡಬದಿಯನ್ನು ಬೇರೆಯೇ ಬಿಡಿಸಬೇಕು.

ಹಂತ 6: ಉಳಿಸುವುದು
ಪಿಎನ್‌ಜಿ ಫೈಲ್ ಆಗಿಯೇ ಉಳಿಸಿ, ಜೆಪೆಗ್ ಬಣ್ಣಗಳನ್ನು ಕೆಡಿಸುತ್ತದೆ. ದೊಡ್ಡದು ಮಾಡುವಾಗ ಎರಡು, ಮೂರು, ನಾಲ್ಕು ಪಟ್ಟು ಮಾಡಿ. ಒಂದೂವರೆ ಪಟ್ಟು ಮಾಡಿದರೆ ಪಿಕ್ಸೆಲ್‌ಗಳು ಒಂದು ದಪ್ಪ ಒಂದು ಸಣ್ಣ ಆಗುತ್ತವೆ.

ಕೆಲಸ ಹಿಡಿಯುವ ಮುಂಚೆ
ಎರಿಕ್ ಬರೋನ್ 2016ರ ‘ಸ್ಟಾರ್‌ಡ್ಯೂ ವ್ಯಾಲಿ’ ಗೇಮ್‌ಗೆ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಒಬ್ಬರೇ ಮಾಡಿದರು. ಪಾತ್ರಗಳ ಮುಖಗಳನ್ನು ವರ್ಷಗಟ್ಟಲೆ ಮತ್ತೆಮತ್ತೆ ಬಿಡಿಸಿದರು. ಬೇರೆಯವರ ಗೇಮ್‌ಗೆ ಬಿಡಿಸುವ ಸ್ವತಂತ್ರ ಕಲಾವಿದರಿಗೆ ಆ ಪುರುಸೊತ್ತು ಸಿಗದು. ಹಾಗಾಗಿ ಮೊದಲೇ ಕೇಳಿಕೊಳ್ಳಿ: ಪಾತ್ರದ ಅಳತೆ ಎಷ್ಟು, ಎಷ್ಟು ದಿಕ್ಕಿನ ನೋಟ, ನಡಿಗೆ ಬಿಟ್ಟು ಓಟ, ನೆಗೆತ, ಏಟು ಬೇಕಾ? ‘ಒಂದು ಪಾತ್ರಕ್ಕೆ ಇಷ್ಟು’ ಎಂದು ಬೆಲೆ ಹೇಳಿದರೆ ಕಷ್ಟ. ನಾಲ್ಕು ದಿಕ್ಕಿಗೆ ನಾಲ್ಕು ಫ್ರೇಮ್ ಅಂದರೆ ನಡಿಗೆಯೊಂದಕ್ಕೇ 16 ಚಿತ್ರ. ಫ್ರೇಮ್ ಲೆಕ್ಕದಲ್ಲಿ ಬೆಲೆ ಹೇಳಿ, ಒಂದಷ್ಟು ಮುಂಗಡ ತೆಗೆದುಕೊಳ್ಳಿ. ಎಷ್ಟು ಸಲ ತಿದ್ದಿಕೊಡುತ್ತೀರಿ, ಚಿತ್ರದ ಹಕ್ಕು ಯಾರಿಗೆ, ಗೇಮ್‌ನಲ್ಲಿ ನಿಮ್ಮ ಹೆಸರು ಹಾಕುತ್ತಾರಾ ಅನ್ನೋದನ್ನೆಲ್ಲ ಬರವಣಿಗೆಯಲ್ಲಿ ಪಡೆದ ಮೇಲೆಯೇ ಫೈಲ್ ಕಳಿಸಿ.